ಗಾಜಿನ ಮನೆಯಲ್ಲಿ ಅಕಾಲದ ಸ್ಟ್ರಾಬೆರಿ

ಹಾಲೆಂಡ್ ಮತ್ತು ಬೆಲ್ಜಿಯಂ ದೇಶಗಳ ಬಯಲಿನಲ್ಲಿ ಸ್ಟ್ರಾಬೆರಿಯ ಸುಗ್ಗಿ ಜೂನ್ ತಿಂಗಳಲ್ಲಿ ಆರಂಭವಾಗಿ ಜುಲೈ ವೇಳೆಗೆ ಮುಗಿಯುತ್ತದೆ. ಆದರೂ ಅಲ್ಲಿನ ಪೇಟೆಗಳಲ್ಲಿ ಕೊರೆಯುವ ಚಳಿಯ ಕ್ರಿಸ್‌ಮಸ್ ಸಮಯದಲ್ಲಿಯೂ, ಮರಗಳು ಇನ್ನೂ ಚಿಗುರದ ಮಾರ್ಚ್ ತಿಂಗಳಲ್ಲಿಯೂ ಅದೇ ನಾಡಿನಲ್ಲಿ ಬೆಳೆದ ತಾಜಾ ಸ್ಟ್ರಾಬೆರಿ ದೊರೆಯುತ್ತದೆ. ಇದು ಗಾಜಿನ ಮನೆಗಳಲ್ಲಿ ಬೆಳೆದ ಹಣ್ಣು. ಸುಗ್ಗಿಯ ಹಣ್ಣಿಗಿಂತ ಇದಕ್ಕೆ ಹೆಚ್ಚಿನ ಬೆಲೆ ಸಿಗುತ್ತದೆ.

ಗಾಜಿನ ಮನೆ ಕಟ್ಟಿ ಒಳಗೆ ಬೆಚ್ಚಗಿಟ್ಟರೆ ಯಾವ ಕಾಲದಲ್ಲಾದರೂ ಹಣ್ಣು ಬರುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಅರ್ಧ ಸತ್ಯ ಮಾತ್ರ. ಯೂರೋಪಿನ ಬಯಲಿನಲ್ಲಿರುವ ಸ್ಟ್ರಾಬೆರಿ ಗಿಡವನ್ನು ಆಗಸ್ಟ್ ತಿಂಗಳಲ್ಲಿ ಕಿತ್ತು ತಂದು ಬೆಚ್ಚನೆಯ ಮನೆಯೊಳಗೆ ನೆಟ್ಟರೆ ಅದು ಎಲೆ ಮತ್ತು ಹಬ್ಬು ಬಳ್ಳಿಗಳನ್ನು ಬಿಡುತ್ತದೆಯೇ ಹೊರತು ಹೂ ಬಿಡುವುದಿಲ್ಲ. ಅದೇ ಗಿಡವನ್ನು ಅಕ್ಟೋಬರ್ ಕೊನೆಯಲ್ಲಿ ಒಳಗೆ ತಂದರೆ ಎಲೆಗಳು ಸಣ್ಣದಾಗಿ, ತೊಟ್ಟುಗಳು ಗಿಡ್ಡವಾಗಿ, ಗಿಡ ಮುದುಡಿಕೊಂಡು ಕೂರುತ್ತದೆ. ಜನವರಿಯಲ್ಲಿ ತಂದರೆ ಮಾತ್ರ ಹುಲುಸಾಗಿ ಬೆಳೆದು ಹೂಗೊಂಚಲು ಹೊರಹಾಕುತ್ತದೆ. ಮನೆ ಒಂದೇ, ಶಾಖ ಒಂದೇ. ಸಸಿ ಮಾತ್ರ ಬೇರೆ ಬೇರೆ ಸ್ಥಿತಿಯಲ್ಲಿದೆ. ಅಕಾಲದ ಬೆಳೆಯ ಗುಟ್ಟು ಮನೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಸಸಿಯಲ್ಲಿದೆ.

ಪಾಲಿಹೌಸ್ ಕಟ್ಟಿ ಸ್ಟ್ರಾಬೆರಿ ಬೆಳೆಯುವ ಆಸೆ ಕರ್ನಾಟಕದ ಕೆಲವು ರೈತರಲ್ಲಿಯೂ ಇದೆ. ಮನೆ ಕಟ್ಟಲು ಲಕ್ಷಾಂತರ ರೂಪಾಯಿ ಬಂಡವಾಳ ಹೂಡುವ ಮುನ್ನ ಯೂರೋಪಿನ ಬೆಳೆಗಾರರು ಗಾಜಿನ ಮನೆಯಲ್ಲಿ ನಿಜವಾಗಿ ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂಬುದನ್ನು ತಿಳಿಯುವುದು ಅಗತ್ಯ.

ಗಿಡದ ಸ್ವಭಾವ

ಇಂದು ಜಗತ್ತಿನಾದ್ಯಂತ ಬೆಳೆಯುವ ದೊಡ್ಡ ಹಣ್ಣಿನ ಸ್ಟ್ರಾಬೆರಿ ಒಂದು ಮಿಶ್ರತಳಿ. 1714ರಲ್ಲಿ ಫ್ರೆಜಿಯೆ ಎಂಬ ಫ್ರೆಂಚ್ ಎಂಜಿನಿಯರ್ ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ದಪ್ಪ ಹಣ್ಣಿನ ಕೆಲವು ಗಿಡಗಳನ್ನು ಫ್ರಾನ್ಸಿಗೆ ತಂದನು. ಅವು ಯೂರೋಪಿನ ತೋಟಗಳಲ್ಲಿ ಉತ್ತರ ಅಮೆರಿಕದ ಕಾಡು ಸ್ಟ್ರಾಬೆರಿಯೊಡನೆ ಸಂಕರಗೊಂಡು ಈಗಿನ ತೋಟದ ಸ್ಟ್ರಾಬೆರಿ ಹುಟ್ಟಿತು.

ಸ್ಟ್ರಾಬೆರಿ ಗಿಡಕ್ಕೆ ನೆಲಮಟ್ಟದಲ್ಲಿ ಒಂದು ಗಿಡ್ಡ ಕಾಂಡವಿರುತ್ತದೆ. ಇದನ್ನೇ ಗಿಡದ ಬುಡ ಎನ್ನಬಹುದು. ಎಲೆ, ಬೇರು, ಹೂಗೊಂಚಲು ಮತ್ತು ಹಬ್ಬು ಬಳ್ಳಿ ಎಲ್ಲವೂ ಈ ಬುಡದಿಂದಲೇ ಹೊರಡುತ್ತವೆ. ಹಬ್ಬು ಬಳ್ಳಿಯ ಗೆಣ್ಣುಗಳಲ್ಲಿ ಹುಟ್ಟುವ ಮರಿಗಿಡಗಳೇ ಮುಂದಿನ ಬೆಳೆಗೆ ಸಸಿಗಳು. ಬುಡದ ಕುಡಿ ಎಲೆಯನ್ನು ಕೊಡಬೇಕೋ ಹೂವನ್ನು ಕೊಡಬೇಕೋ ಎಂಬುದನ್ನು ಹಗಲಿನ ಅವಧಿ ಮತ್ತು ಉಷ್ಣತೆ ಎರಡೂ ಸೇರಿ ನಿರ್ಧರಿಸುತ್ತವೆ.

ಹಗಲು ದೀರ್ಘವಾಗಿದ್ದು ಹವೆ ಬೆಚ್ಚಗಿದ್ದಾಗ ಗಿಡ ಎಲೆ ಮತ್ತು ಹಬ್ಬು ಬಳ್ಳಿಗಳನ್ನು ಬಿಡುತ್ತದೆ. ಹಗಲು ಸುಮಾರು 12ರಿಂದ 14 ಗಂಟೆಗಳಿಗಿಂತ ಕಡಿಮೆಯಾಗಿ, ಉಷ್ಣತೆ 10°ಯಿಂದ 20° ಸೆಂಟಿಗ್ರೇಡ್ ಒಳಗೆ ಇಳಿದಾಗ ಎರಡು ಮೂರು ವಾರಗಳಲ್ಲಿ ಬುಡದೊಳಗೆ ಹೂಮೊಗ್ಗಿನ ಮೂಲ ಕಟ್ಟುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ. ಹಗಲು ಎಷ್ಟೇ ಚಿಕ್ಕದಾಗಿದ್ದರೂ ಸೆಕೆ ಹೆಚ್ಚಾಗಿದ್ದರೆ ಮೊಗ್ಗು ಕಟ್ಟುವುದು ನಿಂತುಹೋಗುತ್ತದೆ. ಈ ಅಂಶವನ್ನು ರೈತರು ನೆನಪಿನಲ್ಲಿಡಬೇಕು.

ಮೊಗ್ಗು ಕಟ್ಟಿದ ಮೇಲೆ ಯೂರೋಪಿನಲ್ಲಿ ಹಗಲು ಇನ್ನೂ ಚಿಕ್ಕದಾಗಿ, ಚಳಿ ಹೆಚ್ಚಿ ಗಿಡ ನಿದ್ದೆಗೆ ಇಳಿಯುತ್ತದೆ. ಇದಕ್ಕೆ ಸುಪ್ತಾವಸ್ಥೆ ಎಂದು ಹೆಸರು. ಈ ನಿದ್ದೆ ಶಾಖ ಕೊಟ್ಟ ಮಾತ್ರಕ್ಕೆ ಬಿಡುವುದಿಲ್ಲ, ಚಳಿಯಿಂದಲೇ ಬಿಡಬೇಕು. ಸುಮಾರು 7° ಸೆಂ. ಗಿಂತ ಕೆಳಗಿನ ಉಷ್ಣತೆಯಲ್ಲಿ, ತಳಿಯನ್ನು ಅನುಸರಿಸಿ, ಕೆಲವು ನೂರು ಗಂಟೆಗಳಿಂದ ಸಾವಿರಕ್ಕೂ ಹೆಚ್ಚು ಗಂಟೆಗಳ ಕಾಲ ಗಿಡ ಇರಬೇಕಾಗುತ್ತದೆ. ಚಳಿ ಸಾಲದಿದ್ದರೆ ಗಿಡ ಕುಳ್ಳಾಗಿ ಉಳಿಯುತ್ತದೆ. ಚಳಿ ಅತಿಯಾದರೆ ಎಲೆ ಸೊಕ್ಕಿ ಬೆಳೆದು ಬಳ್ಳಿ ಹೆಚ್ಚುತ್ತದೆ.

ಒಟ್ಟಿನಲ್ಲಿ ಗಿಡಕ್ಕೆ ಮೊದಲು ಕಿರುಹಗಲು, ನಂತರ ಚಳಿ, ಕೊನೆಗೆ ಬೆಚ್ಚನೆಯ ವಸಂತ ಬೇಕು. ಈ ಮೂರು ಮೆಟ್ಟಿಲುಗಳಲ್ಲಿ ಒಂದನ್ನೂ ಬಿಡದೆ, ಅವುಗಳ ತಿಂಗಳುಗಳನ್ನು ಮಾತ್ರ ಬದಲಾಯಿಸುವುದೇ ಅಕಾಲದ ಬೆಳೆಯ ತತ್ವ.

ಕುಂಡಗಳಲ್ಲಿ ಬೆಳೆದ ಹಳೆಯ ತೋಟಗಾರರು

ಈ ತತ್ವವನ್ನು ವಿಜ್ಞಾನ ವಿವರಿಸುವ ಮುನ್ನವೇ ತೋಟಗಾರರು ಅನುಭವದಿಂದ ಕಂಡುಕೊಂಡಿದ್ದರು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರ ಬಂಗಲೆಗಳಲ್ಲಿ ದ್ರಾಕ್ಷಿ ಮತ್ತು ಪೀಚ್ ಬೆಳೆಯಲು ಗಾಜಿನ ಮನೆಗಳಿದ್ದವು. ಅವುಗಳಲ್ಲಿಯೇ ಗಾಜಿಗೆ ಹತ್ತಿರವಾಗಿ ಹಲಗೆಗಳನ್ನು ಕಟ್ಟಿ, ಸ್ಟ್ರಾಬೆರಿ ಕುಂಡಗಳನ್ನು ಸಾಲಾಗಿ ಇಟ್ಟು ಮಾರ್ಚ್ ತಿಂಗಳಿನಲ್ಲೇ ಯಜಮಾನರ ಊಟದ ಮೇಜಿಗೆ ಹಣ್ಣು ಒದಗಿಸುವುದು ತೋಟಗಾರನ ಜಾಣ್ಮೆಯ ಪರೀಕ್ಷೆಯಾಗಿತ್ತು. ಲಂಡನ್ ಸಮೀಪದ ಐಲ್‌ವರ್ತ್‌ನಲ್ಲಿ ಮೈಕೆಲ್ ಕೀನ್ಸ್ ಎಂಬ ತೋಟಗಾರ ಬೆಳೆಸಿ 1821ರಲ್ಲಿ ಪ್ರಸಿದ್ಧಿಗೆ ಬಂದ ‘ಕೀನ್ಸ್ ಸೀಡ್ಲಿಂಗ್’ ಮತ್ತು 1892ರಲ್ಲಿ ಲ್ಯಾಕ್ಸ್‌ಟನ್ ಮನೆತನದವರು ಬಿಡುಗಡೆ ಮಾಡಿದ ‘ರಾಯಲ್ ಸಾವರಿನ್’ ಈ ಕೆಲಸಕ್ಕೆ ಹೆಸರಾದ ತಳಿಗಳು.

ಅವರ ವಿಧಾನ ಹೀಗಿತ್ತು. ಜೂನ್ ಕೊನೆಯಿಂದ ಜುಲೈವರೆಗೆ ಹಬ್ಬು ಬಳ್ಳಿಯ ಮೊದಲ ಮರಿಗಿಡವನ್ನು ಮಣ್ಣು ತುಂಬಿದ ಚಿಕ್ಕ ಕುಂಡದ ಮೇಲಿಟ್ಟು, ಕೊಕ್ಕೆ ಚುಚ್ಚಿ ಬೇರು ಬಿಡಿಸುತ್ತಿದ್ದರು. ಬೇರು ತುಂಬಿದ ಮೇಲೆ ತಾಯಿಬಳ್ಳಿಯಿಂದ ಕತ್ತರಿಸಿ, ಆಗಸ್ಟ್ ತಿಂಗಳಲ್ಲಿ 6 ಅಂಗುಲದ ಕುಂಡಕ್ಕೆ ಬದಲಾಯಿಸಿ, ಮಣ್ಣನ್ನು ಗಟ್ಟಿಯಾಗಿ ಒತ್ತಿ ಬಿಸಿಲಿನಲ್ಲಿ ಬಿಡುತ್ತಿದ್ದರು. ಶರತ್ಕಾಲದ ಬಿಸಿಲಿನಲ್ಲಿ ಬುಡ ದಪ್ಪವಾಗುತ್ತಿತ್ತು. ಚಳಿಗಾಲದಲ್ಲಿ ಕುಂಡಗಳನ್ನು ಹೊರಗೇ ಬೂದಿಯಲ್ಲಿ ಹೂತಿಟ್ಟು ಚಳಿ ಉಣಿಸುತ್ತಿದ್ದರು. ಡಿಸೆಂಬರ್ ಅಥವಾ ಜನವರಿಯಿಂದ ಎರಡು ಮೂರು ವಾರಗಳಿಗೊಮ್ಮೆ ಒಂದೊಂದು ತಂಡವನ್ನು ಒಳಗೆ ತರುತ್ತಿದ್ದರು.

ಒಳಗೆ ತಂದೊಡನೆ ಹೆಚ್ಚು ಶಾಖ ಕೊಡುತ್ತಿರಲಿಲ್ಲ. ಮೊದಲು 7°ಯಿಂದ 10° ಸೆಂ. ಮಾತ್ರ, ಹೂ ಕಾಣಿಸಿದ ಮೇಲೆ ಸ್ವಲ್ಪ ಹೆಚ್ಚು, ಕಾಯಿ ಕಚ್ಚಿದ ನಂತರ ಇನ್ನೂ ಹೆಚ್ಚು. ಹೂಗಳನ್ನು ಮೃದುವಾದ ಕುಂಚದಿಂದ ಸವರಿ ಪರಾಗ ತಲುಪಿಸುತ್ತಿದ್ದರು. ಕುಂಡಕ್ಕೆ ಎಂಟು ಹತ್ತು ಕಾಯಿ ಉಳಿಸಿ ಮಿಕ್ಕದ್ದನ್ನು ಚಿವುಟುತ್ತಿದ್ದರು. ಕಾಯಿ ದಪ್ಪವಾಗುವಾಗ ಗೊಬ್ಬರದ ತಿಳಿ ಕೊಟ್ಟು, ಹಣ್ಣು ಬಣ್ಣಕ್ಕೆ ಬಂದಾಗ ನಿಲ್ಲಿಸುತ್ತಿದ್ದರು. ಹೇನು ಬಂದರೆ ಹೊಗೆಸೊಪ್ಪಿನ ಹೊಗೆ ಹಾಕುತ್ತಿದ್ದರು. ಆತುರಪಟ್ಟು ಡಿಸೆಂಬರ್‌ನಲ್ಲಿ ಜೋರಾಗಿ ಕಾಯಿಸಿದವನಿಗೆ ಕುರುಡು ಗಿಡ, ತಾಳ್ಮೆಯಿಂದ ಕಾಯಿಸಿದವನಿಗೆ ಹಣ್ಣು ಎಂಬುದು ಅವರಿಗೆ ಗೊತ್ತಿತ್ತು.

ಕಾರಣ ತಿಳಿದದ್ದು 20ನೇ ಶತಮಾನದಲ್ಲಿ. ಹಗಲಿನ ಅವಧಿಯೇ ಗಿಡ ಹೂ ಬಿಡುವ ಕಾಲವನ್ನು ಗೊತ್ತುಮಾಡುತ್ತದೆ ಎಂದು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಹೊಗೆಸೊಪ್ಪು ಮೊದಲಾದ ಬೆಳೆಗಳಲ್ಲಿ ತೋರಿಸಿದರು. 1934ರಲ್ಲಿ ಅದೇ ದೇಶದ ಡ್ಯಾರೋ ಮತ್ತು ವಾಲ್ಡೋ ಸ್ಟ್ರಾಬೆರಿಯ ಹಲವು ತಳಿಗಳು ಹಗಲಿನ ಅವಧಿಗೆ ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಪ್ರಕಟಿಸಿದರು.

ಶೀತಲಗೃಹದಲ್ಲಿ ಮಲಗಿಸಿದ ಸಸಿ

ಕಾರಣ ತಿಳಿದ ಮೇಲೆ ಚಳಿಗಾಲಕ್ಕಾಗಿ ಕಾಯುವ ಅಗತ್ಯವೂ ಕಡಿಮೆಯಾಯಿತು. ಡಿಸೆಂಬರ್ ಮತ್ತು ಜನವರಿಯಲ್ಲಿ ಗಿಡಗಳು ಪೂರ್ತಿ ನಿದ್ದೆಯಲ್ಲಿರುವಾಗ ಅವುಗಳನ್ನು ಅಗೆದು, ಮಣ್ಣು ಕೊಡವಿ, ಹಳೆಯ ಎಲೆ ತೆಗೆದು, ಪಾಲಿಥೀನ್ ಹಾಳೆ ಹಾಸಿದ ಪೆಟ್ಟಿಗೆಗಳಲ್ಲಿ ತುಂಬಿ ಶೀತಲಗೃಹದಲ್ಲಿ ಇಡಲಾಗುತ್ತದೆ. ಉಷ್ಣತೆ ಸೊನ್ನೆಗಿಂತ ಒಂದೂವರೆ ಡಿಗ್ರಿ ಕೆಳಗೆ ನಿಲ್ಲಬೇಕು. ಇದಕ್ಕಿಂತ ಬಹಳ ಕೆಳಗಿಳಿದರೆ ಬುಡ ಹೆಪ್ಪುಗಟ್ಟಿ ಸಾಯುತ್ತದೆ. ಮೇಲೇರಿದರೆ ಸಸಿ ಚಿಗುರಿ ಕೊಳೆಯುತ್ತದೆ. ಸರಿಯಾಗಿ ಇಟ್ಟರೆ ಎಂಟು ತಿಂಗಳವರೆಗೂ ಸಸಿ ಜೀವಂತವಾಗಿರುತ್ತದೆ. ಬುಡದೊಳಗಿನ ಮೊಗ್ಗು ಹಾಗೆಯೇ ಕಾಯುತ್ತಿರುತ್ತದೆ. ಬೇಕಾದಾಗ ಹೊರತೆಗೆದು ನೆಟ್ಟರೆ ಬೇಸಗೆಯಲ್ಲಿ ಸುಮಾರು 60 ದಿನಗಳಲ್ಲಿ ಕೊಯ್ಲು ಆರಂಭವಾಗುತ್ತದೆ.

ಗಾಜಿನ ಮನೆಗೆ ಹೆಚ್ಚಾಗಿ ಬಳಸುವುದು ತಟ್ಟೆ ಸಸಿಗಳನ್ನು. ಹಬ್ಬು ಬಳ್ಳಿಯ ತುದಿಗಳನ್ನು ಜುಲೈನಲ್ಲಿ ಕತ್ತರಿಸಿ, ಕುಳಿಗಳಿರುವ ತಟ್ಟೆಗಳಲ್ಲಿ ನೆಟ್ಟು, ತುಂತುರು ನೀರಿನಡಿ ಬೇರು ಬಿಡಿಸುತ್ತಾರೆ. ಬೇರೂರಿದ ಸಸಿಗಳು ಬಯಲಿನಲ್ಲಿಯೇ ಇದ್ದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಕಿರುಹಗಲಿನಲ್ಲಿ ಮೊಗ್ಗು ಕಟ್ಟುತ್ತವೆ. ಈ ಸಮಯದಲ್ಲಿ ಸಾರಜನಕ ಹೆಚ್ಚಾದರೆ ಮೊಗ್ಗು ತಡವಾಗುತ್ತದೆ. ತೀರ ಕಡಿಮೆಯಾದರೆ ಹೂಗಳ ಸಂಖ್ಯೆ ಕುಗ್ಗುತ್ತದೆ. ಆದ್ದರಿಂದ ಗೊಬ್ಬರವನ್ನು ವಾರವಾರವೂ ಅಳೆದು ಕೊಡುತ್ತಾರೆ.

ಸಸಿಗಳನ್ನು ಒಳಗೆ ತರುವ ಮುನ್ನ ಎಚ್ಚರಿಕೆಯುಳ್ಳ ಬೆಳೆಗಾರ ಕೆಲವನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾನೆ. ಅಲ್ಲಿ ಬುಡವನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ, ಎಷ್ಟು ಹೂಗೊಂಚಲುಗಳು ಕಟ್ಟಿವೆ, ಅವು ಯಾವ ಹಂತದಲ್ಲಿವೆ ಎಂದು ಎಣಿಸುತ್ತಾರೆ. ಮೊಗ್ಗಿಲ್ಲದ ಸಸಿಗೆ ಕೊಟ್ಟ ಶಾಖ, ಗೊಬ್ಬರ, ಕೂಲಿ ಎಲ್ಲವೂ ವ್ಯರ್ಥ.

ಹಾಲೆಂಡಿನ ವಾಗೆನಿಂಗೆನ್ ಸಂಶೋಧನಾ ಕೇಂದ್ರದಲ್ಲಿ 1975ರಲ್ಲಿ ಸಂಕರಿಸಿ 1981ರಲ್ಲಿ ಬಿಡುಗಡೆಯಾದ ‘ಎಲ್ಸಾಂಟಾ’ ತಳಿ ಈ ಪದ್ಧತಿಗೆ ಚೆನ್ನಾಗಿ ಹೊಂದಿಕೊಂಡು ಬಹುಕಾಲ ಈ ಭಾಗದ ಮುಖ್ಯ ತಳಿಯಾಗಿತ್ತು.

ಮನೆಯೊಳಗಿನ ಹಂಗಾಮುಗಳು

ಸಸಿಯ ಕಾಲವನ್ನು ಹೀಗೆ ಹಿಡಿದಿಡಬಹುದಾದ್ದರಿಂದ ಒಂದೇ ಮನೆಯಲ್ಲಿ ಬೇರೆ ಬೇರೆ ಹಂಗಾಮುಗಳು ಸಾಧ್ಯವಾಗಿವೆ.

ವಸಂತದ ಬೆಳೆ: ಚಳಿ ಉಂಡ ತಟ್ಟೆ ಸಸಿಗಳನ್ನು ಡಿಸೆಂಬರ್ ಅಥವಾ ಜನವರಿಯಲ್ಲಿ ಮನೆಯೊಳಗೆ ನೆಡುತ್ತಾರೆ. ಮಾರ್ಚ್ ಕೊನೆಯಿಂದ ಹಣ್ಣು ಆರಂಭವಾಗಿ ಮೇ ಕೊನೆಗೆ ಮುಗಿಯುತ್ತದೆ.

ಶರತ್ಕಾಲದ ಬೆಳೆ: ಶೀತಲಗೃಹದ ಸಸಿಗಳನ್ನು ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ನೆಡುತ್ತಾರೆ. ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಕೊಯ್ಲು. ನಂತರ ಶಾಖ ನಿಲ್ಲಿಸಿ ಅದೇ ಗಿಡಗಳಿಗೆ ಚಳಿ ಉಣಿಸಿ, ಮತ್ತೆ ಕಾಯಿಸಿ ವಸಂತದಲ್ಲಿ ಎರಡನೆಯ ಫಸಲು ಪಡೆಯುವವರೂ ಇದ್ದಾರೆ.

ದೀಪದ ಬೆಳೆ: ಸೆಪ್ಟೆಂಬರ್ ಸುಮಾರಿಗೆ ನೆಟ್ಟು, ಚಳಿಗಾಲದುದ್ದಕ್ಕೂ ವಿದ್ಯುದ್ದೀಪಗಳಡಿ ಬೆಳೆದು ಕ್ರಿಸ್‌ಮಸ್ ಮಾರುಕಟ್ಟೆಯನ್ನು ಹಿಡಿಯುವ ಪದ್ಧತಿ ಇದು. ಖರ್ಚು ಎಲ್ಲಕ್ಕಿಂತ ಹೆಚ್ಚು.

ಶಾಖ, ಬೆಳಕು ಮತ್ತು ಗಾಳಿ

ವಸಂತದ ಬೆಳೆಯಲ್ಲಿ ಮೊದಲ ವಾರಗಳಲ್ಲಿ ರಾತ್ರಿ 8° ಸೆಂ. ಸುತ್ತಮುತ್ತ ಇಟ್ಟು, ಹೂ ಬಿಡುವಾಗ ಹಗಲು 18°ಯಿಂದ 20°, ರಾತ್ರಿ 10°ಯಿಂದ 12° ಸೆಂ. ಕೊಡುತ್ತಾರೆ. ಹೂವಿನಿಂದ ಹಣ್ಣಿಗೆ ಬೆಚ್ಚನೆಯ ಹವೆಯಲ್ಲಿ ಸುಮಾರು 30 ದಿನ, ತಂಪಿನಲ್ಲಿ 45 ದಿನ ಅಥವಾ ಇನ್ನೂ ಹೆಚ್ಚು ಬೇಕು. ತಂಪಿನಲ್ಲಿ ನಿಧಾನವಾಗಿ ಮಾಗಿದ ಹಣ್ಣು ದಪ್ಪವಾಗಿಯೂ ಸಿಹಿಯಾಗಿಯೂ ಇರುತ್ತದೆ.

51°-52° ಉತ್ತರ ಅಕ್ಷಾಂಶದಲ್ಲಿರುವ ಆ ನಾಡಿನಲ್ಲಿ ಡಿಸೆಂಬರ್ ಹಗಲು ಸುಮಾರು 8 ಗಂಟೆ ಮಾತ್ರ. ಆದ್ದರಿಂದ ದೀಪ ಬೇಕಾಗುತ್ತದೆ. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಗಿಡಕ್ಕೆ ಹಗಲು ದೀರ್ಘವಾಗಿದೆ ಎಂದು ತೋರಿಸಲು ಕೊಡುವ ಮಂದ ಬೆಳಕು. ರಾತ್ರಿ ಗಂಟೆಗೆ 15 ನಿಮಿಷದಂತೆ ಸಾಮಾನ್ಯ ಬಲ್ಬು ಉರಿಸಿದರೂ ಇದಕ್ಕೆ ಸಾಕು. ಎಲೆತೊಟ್ಟು ಮತ್ತು ಹೂಕಾಂಡ ಇದರಿಂದ ನೀಳವಾಗುತ್ತವೆ. ಎರಡನೆಯದು ಗಿಡ ಆಹಾರ ತಯಾರಿಸಲು ಬೇಕಾದ ಪ್ರಖರ ಬೆಳಕು. ಇದಕ್ಕೆ ಸೋಡಿಯಂ ದೀಪ ಅಥವಾ ಎಲ್‌ಇಡಿ ದೀಪಗಳು ಬೇಕು.

ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಮನೆಯಲ್ಲಿ ಗಿಡಗಳು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಬೇಗ ಹೀರಿ ಮುಗಿಸುತ್ತವೆ. ಹೊರಗಿನ ಗಾಳಿಯಲ್ಲಿ ಇದು ದಶಲಕ್ಷಕ್ಕೆ 420 ಭಾಗಗಳಿಗಿಂತ ಸ್ವಲ್ಪ ಹೆಚ್ಚಿದೆ. ಮನೆಯೊಳಗೆ ಇದನ್ನು 700ರಿಂದ 1000 ಭಾಗಕ್ಕೆ ಏರಿಸುತ್ತಾರೆ. ನೈಸರ್ಗಿಕ ಅನಿಲ ಉರಿಸುವ ಬಾಯ್ಲರಿನ ಶುದ್ಧ ಹೊಗೆಯನ್ನೇ ಇದಕ್ಕೆ ಬಳಸುವುದು ರೂಢಿ. ಹೀಗೆ ಒಂದೇ ಇಂಧನ ಶಾಖವನ್ನೂ ಗಿಡದ ಆಹಾರವನ್ನೂ ಒದಗಿಸುತ್ತದೆ.

ಮಣ್ಣಿಲ್ಲದ ಬೇಸಾಯ

ಗಾಜಿನ ಮನೆಯ ಸ್ಟ್ರಾಬೆರಿ ಈಗ ನೆಲದಲ್ಲಿಲ್ಲ. ಎದೆಯ ಎತ್ತರದಲ್ಲಿ ತೂಗುಹಾಕಿದ ತೊಟ್ಟಿಗಳಲ್ಲಿ ಗಿಡಗಳಿರುತ್ತವೆ. ಹಣ್ಣು ಇಕ್ಕೆಲಗಳಲ್ಲಿ ಜೋತುಬಿದ್ದು ಮಣ್ಣು ಸೋಕದೆ ಬೆಳೆಯುತ್ತದೆ. ಕೊಯ್ಯುವವರು ಬಗ್ಗಬೇಕಾಗಿಲ್ಲ, ಕೆಲಸ ಚುರುಕಾಗುತ್ತದೆ. ನೆಲದಿಂದ ಬರುವ ಬೇರುರೋಗಗಳೂ ತಪ್ಪುತ್ತವೆ.

ತೊಟ್ಟಿಗಳಲ್ಲಿ ಪೀಟ್ ಎಂಬ ಜೌಗುನೆಲದ ಕೊಳೆತ ಪಾಚಿಯನ್ನು ಅಥವಾ ತೆಂಗಿನ ನಾರಿನ ಪುಡಿಯನ್ನು ತುಂಬುತ್ತಾರೆ. ಈ ನಾರಿನ ಪುಡಿ ಭಾರತ ಮತ್ತು ಶ್ರೀಲಂಕಾಗಳಿಂದ ಹೋಗುತ್ತದೆ. ಇದರಲ್ಲಿ ಉಪ್ಪಿನಂಶ ಉಳಿದಿರುವುದುಂಟು. ಸ್ಟ್ರಾಬೆರಿ ಉಪ್ಪನ್ನು ಸಹಿಸದ ಬೆಳೆಯಾದ್ದರಿಂದ ಚೆನ್ನಾಗಿ ತೊಳೆದ ಪುಡಿಯನ್ನೇ ಬಳಸಬೇಕು.

ಹನಿ ನೀರಾವರಿಯ ಮೂಲಕ ನೀರಿನೊಡನೆ ಎಲ್ಲ ಪೋಷಕಾಂಶಗಳನ್ನು ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ. ದ್ರಾವಣದ ರಸಸಾರ 5.5ರಿಂದ 6ರ ಒಳಗಿರಬೇಕು. ಬಸಿದ ನೀರನ್ನು ಸಂಗ್ರಹಿಸಿ, ರೋಗಾಣು ನಾಶಪಡಿಸಿ ಮತ್ತೆ ಬಳಸುತ್ತಾರೆ. ಎಳೆ ಎಲೆಗಳ ಅಂಚು ಸುಟ್ಟಂತೆ ಕಂದಾದರೆ ಅದು ಸುಣ್ಣದ ಅಂಶ ಎಲೆತುದಿಗೆ ತಲುಪದ ಚಿಹ್ನೆ. ಸುಣ್ಣದ ಗೊಬ್ಬರ ಹೆಚ್ಚಿಸಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ರಾತ್ರಿ ಮನೆಯೊಳಗಿನ ಗಾಳಿ ತೇವವಾಗಿದ್ದರೆ ಬೇರು ಒತ್ತಿದ ನೀರು ಎಲೆಯಂಚಿನವರೆಗೂ ಏರುತ್ತದೆ. ಬೆಳಿಗ್ಗೆ ಎಲೆಯಂಚಿನಲ್ಲಿ ನೀರಹನಿಗಳು ಕಂಡರೆ ಬೇರು ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಬೆಳೆಗಾರರು ತಿಳಿಯುತ್ತಾರೆ.

ಪರಾಗಸ್ಪರ್ಶ

ಸ್ಟ್ರಾಬೆರಿಯ ಮೈಮೇಲೆ ಕಾಣುವ ಸಣ್ಣ ಬೀಜಗಳೇ ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಹಣ್ಣುಗಳು. ತಿನ್ನುವ ಕೆಂಪು ಭಾಗ ಉಬ್ಬಿದ ಹೂಪೀಠ. ಪ್ರತಿಯೊಂದು ಬೀಜವೂ ತನ್ನ ಸುತ್ತಲಿನ ತಿರುಳನ್ನು ಉಬ್ಬಿಸುವ ಪ್ರಚೋದಕ ರಸವನ್ನು ಒದಗಿಸುತ್ತದೆ ಎಂದು ನಿಚ್ ಎಂಬ ವಿಜ್ಞಾನಿ 1950ರಲ್ಲಿ ತೋರಿಸಿದರು. ಬೀಜಗಳನ್ನು ಕಿತ್ತ ಕಡೆ ತಿರುಳು ಬೆಳೆಯಲಿಲ್ಲ. ಆದ್ದರಿಂದ ಹೂವಿನ ಎಲ್ಲ ಭಾಗಕ್ಕೂ ಪರಾಗ ತಲುಪದಿದ್ದರೆ ಹಣ್ಣು ಸೊಟ್ಟಗಾಗುತ್ತದೆ.

ಬಯಲಿನಲ್ಲಿ ಗಾಳಿ ಮತ್ತು ಜೇನ್ನೊಣ ಈ ಕೆಲಸ ಮಾಡುತ್ತವೆ. ಮುಚ್ಚಿದ ಮನೆಯಲ್ಲಿ ಗಾಳಿಯಿಲ್ಲ. ತಂಪು ಮತ್ತು ಮಬ್ಬಿನಲ್ಲಿ ಜೇನ್ನೊಣ ಗೂಡು ಬಿಟ್ಟು ಹೊರಡುವುದು ಕಡಿಮೆ. ಬಂಬಲ್ ಬೀ ಎಂಬ ರೋಮಭರಿತ ದುಂಬಿ ಅಂತಹ ಹವೆಯಲ್ಲಿಯೂ ಹಾರುತ್ತದೆ. 1980ರ ದಶಕದ ಕೊನೆಯಲ್ಲಿ ಬೆಲ್ಜಿಯಂ ಮತ್ತು ಹಾಲೆಂಡಿನಲ್ಲಿ ಈ ದುಂಬಿಯನ್ನು ಸಾಕಿ ಪೆಟ್ಟಿಗೆಗಳಲ್ಲಿ ಮಾರುವ ಉದ್ಯಮ ಮೊದಲು ಟೊಮೆಟೊ ಬೆಳೆಗಾಗಿ ಆರಂಭವಾಯಿತು. ನಂತರ ಅದು ಸ್ಟ್ರಾಬೆರಿಗೂ ಬಂತು. ಹೂವಿಗಿಂತ ದುಂಬಿ ಹೆಚ್ಚಾದರೆ ಅವು ಹೂವನ್ನು ಗೀರಿ ಹಾಳುಮಾಡುತ್ತವೆ. ಪೆಟ್ಟಿಗೆಗಳ ಸಂಖ್ಯೆ ಹೂವಿನ ಪ್ರಮಾಣಕ್ಕೆ ತಕ್ಕಂತಿರಬೇಕು.

ರೋಗ ಮತ್ತು ಕೀಟ

ಬಿಳಿ ಹಿಟ್ಟು ಉದುರಿಸಿದಂತೆ ಕಾಣುವ ಬೂದಿ ರೋಗ ಗಾಜಿನ ಮನೆಯಲ್ಲಿ ಮುಖ್ಯವಾದದ್ದು. ತೇವ ಹೆಚ್ಚಿ ಗಾಳಿ ಆಡದಿದ್ದರೆ ಬೂದುಬಣ್ಣದ ಬೂಷ್ಟು ಹೂ ಮತ್ತು ಹಣ್ಣನ್ನು ಕೊಳೆಸುತ್ತದೆ. ಬೆಳಗಿನ ಹೊತ್ತು ಸ್ವಲ್ಪ ಕಾಯಿಸಿ, ಕಿಟಕಿ ತೆರೆದು ತೇವವನ್ನು ಹೊರಹಾಕುವುದು ಇದಕ್ಕೆ ಮೊದಲ ಮದ್ದು. ಹಳೆಯ ಎಲೆ ಮತ್ತು ಕೊಳೆತ ಹಣ್ಣನ್ನು ಕೂಡಲೇ ತೆಗೆದುಹಾಕಬೇಕು.

ಕೀಟಗಳಲ್ಲಿ ಜೇಡನುಸಿ, ಥ್ರಿಪ್ಸ್ ಮತ್ತು ಹೇನು ಮುಖ್ಯ. ದುಂಬಿ ಕೆಲಸ ಮಾಡುವ ಮನೆಯಲ್ಲಿ ವಿಷ ಸಿಂಪಡಿಸುವಂತಿಲ್ಲ. ಆದ್ದರಿಂದ ಜೇಡನುಸಿಯನ್ನು ತಿನ್ನುವ ಫೈಟೋಸಿಯುಲಸ್ ಎಂಬ ಪರಭಕ್ಷಕ ನುಸಿಯನ್ನು ಗಿಡಗಳ ಮೇಲೆ ಬಿಡುತ್ತಾರೆ. ಕೀಟ ಕಾಣಿಸಿದ ಆರಂಭದಲ್ಲೇ ಬಿಟ್ಟರೆ ಮಾತ್ರ ಪ್ರಯೋಜನ.

ಇಳುವರಿ ಮತ್ತು ಖರ್ಚು

ಉತ್ತಮ ತಟ್ಟೆ ಸಸಿಯೊಂದು ವಸಂತದ ಬೆಳೆಯಲ್ಲಿ ಸುಮಾರು 400ರಿಂದ 500 ಗ್ರಾಂ ಹಣ್ಣು ಕೊಡುತ್ತದೆ. ಹಣ್ಣನ್ನು ತಿರುಳು ಮುಟ್ಟದೆ, ತೊಟ್ಟಿನ ಸಹಿತ ಕೊಯ್ದು ನೇರವಾಗಿ ಮಾರಾಟದ ಬುಟ್ಟಿಗೇ ಹಾಕುತ್ತಾರೆ. ಕೊಯ್ದ ಮೇಲೆ ಇದು ಮಾಗಿ ಸಿಹಿಯಾಗುವ ಹಣ್ಣಲ್ಲ. ಬೆಲ್ಜಿಯಂನ ಹೂಗ್‌ಸ್ಟ್ರಾಟನ್ ಊರಿನ ಸಹಕಾರಿ ಹರಾಜು ಮಾರುಕಟ್ಟೆ ಈ ಹಣ್ಣಿಗೆ ಹೆಸರುವಾಸಿ. ಅಲ್ಲಿ ಗಾತ್ರ ಮತ್ತು ಗುಣಕ್ಕೆ ತಕ್ಕಂತೆ ದರ್ಜೆ ಮಾಡಿ ಮಾರುತ್ತಾರೆ.

ಖರ್ಚಿನಲ್ಲಿ ಕೂಲಿ, ಸಸಿ ಮತ್ತು ಶಾಖ ಮುಖ್ಯವಾದವು. 2021ರ ಕೊನೆಯಿಂದ 2022ರವರೆಗೆ ಯೂರೋಪಿನಲ್ಲಿ ನೈಸರ್ಗಿಕ ಅನಿಲದ ಬೆಲೆ ಹಲವು ಪಟ್ಟು ಏರಿತು. ಆ ಚಳಿಗಾಲಗಳಲ್ಲಿ ಹಲವು ಗಾಜಿನ ಮನೆಗಳ ಬೆಳೆಗಾರರು ನಾಟಿಯನ್ನು ಮುಂದೂಡಿದರು. ಕೆಲವರು ದೀಪ ಹಚ್ಚಲೇ ಇಲ್ಲ. ತಂತ್ರಜ್ಞಾನದಲ್ಲಿ ಪಳಗಿದವರಿಗೂ ಇಂಧನದ ಬೆಲೆಯೇ ಬೆಳೆಯ ಹಣೆಬರಹ ಬರೆಯಿತು. ಅಕಾಲದ ಹಣ್ಣಿನ ಹೆಚ್ಚಿನ ಬೆಲೆಯನ್ನಷ್ಟೇ ನೋಡುವವರು ಈ ಲೆಕ್ಕವನ್ನೂ ನೋಡಬೇಕು.

ಕರ್ನಾಟಕದ ರೈತರಿಗೆ ಇದರಿಂದ ತಿಳಿಯುವುದೇನು?

ಹಾಲೆಂಡಿನಲ್ಲಿ ಗಾಜಿನ ಮನೆ ಇರುವುದು ಶಾಖವನ್ನು ಹಿಡಿದಿಡಲು. ಕರ್ನಾಟಕದಲ್ಲಿ ಶಾಖದ ಕೊರತೆಯಿಲ್ಲ. ಕೊರತೆ ಇರುವುದು ತಂಪಿಗೆ. ಬೆಂಗಳೂರಿನಲ್ಲಿ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ದೀರ್ಘ ಹಗಲು ಸುಮಾರು 12 ಗಂಟೆ 55 ನಿಮಿಷ. ಅಂದರೆ ಹಗಲಿನ ಅವಧಿ ವರ್ಷವಿಡೀ ಸ್ಟ್ರಾಬೆರಿ ಮೊಗ್ಗು ಕಟ್ಟಲು ಹೆಚ್ಚು ಅಡ್ಡಿ ಮಾಡುವುದಿಲ್ಲ. ಅಡ್ಡಿ ಮಾಡುವುದು ಸೆಕೆ. ಬೇಸಗೆಯಲ್ಲಿ ಮುಚ್ಚಿದ ಪಾಲಿಹೌಸಿನ ಒಳಗೆ ಹೊರಗಿಗಿಂತಲೂ ಹೆಚ್ಚು ಸೆಕೆಯಾಗುತ್ತದೆ. ಆಗ ಗಿಡ ಹೂ ನಿಲ್ಲಿಸಿ ಬಳ್ಳಿ ಬಿಡುತ್ತದೆ. ಹೂ ಇದ್ದರೂ ಪರಾಗ ಸೊರಗಿ ಹಣ್ಣು ಸಣ್ಣದಾಗುತ್ತದೆ.

ಹಗಲಿನ ಅವಧಿಯನ್ನು ಲೆಕ್ಕಿಸದೆ ಹೂ ಬಿಡುವ ತಳಿಗಳೂ ಇವೆ. ಅಮೆರಿಕದ ಯೂಟಾ ರಾಜ್ಯದ ವಾಸಾಚ್ ಬೆಟ್ಟಗಳ ಕಾಡು ಸ್ಟ್ರಾಬೆರಿಯ ಗುಣವನ್ನು ಸೇರಿಸಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ರಿಂಗ್‌ಹರ್ಸ್ಟ್ ಮತ್ತು ವೋತ್ ಇವುಗಳನ್ನು ಅಭಿವೃದ್ಧಿಪಡಿಸಿದರು. ಇವುಗಳಿಗೂ ಸೆಕೆ ಆಗದು. ‘ವರ್ಷವಿಡೀ ಹಣ್ಣು’ ಎಂಬ ಮಾತನ್ನು ನಂಬಿ ಬಯಲುಸೀಮೆಯ ಬೇಸಗೆಯಲ್ಲಿ ಇವನ್ನು ನೆಡುವುದು ಸರಿಯಲ್ಲ.

ನೆರೆಯ ಮಹಾರಾಷ್ಟ್ರದ ಮಹಾಬಲೇಶ್ವರ ಸುಮಾರು 1350 ಮೀಟರ್ ಎತ್ತರದಲ್ಲಿದೆ. ಅಲ್ಲಿನ ರೈತರು ಮಳೆ ಹಿಂದೆಗೆದ ಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಯಲಿನಲ್ಲಿಯೇ ಏರುಮಡಿಗಳ ಮೇಲೆ ನಾಟಿ ಮಾಡಿ ಚಳಿಗಾಲದುದ್ದಕ್ಕೂ ಹಣ್ಣು ಕೊಯ್ಯುತ್ತಾರೆ. ಮಹಾಬಲೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಯೂರೋಪಿನವರು ಇಂಧನ ಸುಟ್ಟು ಸೃಷ್ಟಿಸುವ ವಸಂತ ಇಲ್ಲಿ ಚಳಿಗಾಲದಲ್ಲಿ ಪುಕ್ಕಟೆಯಾಗಿ ಒದಗುತ್ತದೆ. ಕರ್ನಾಟಕದಲ್ಲಿ ಬೆಳಗಾವಿ ಮತ್ತು ಬೆಂಗಳೂರಿನ ಸುತ್ತಮುತ್ತ ಈ ಬೆಳೆಯನ್ನು ಚಳಿಗಾಲದಲ್ಲಿ ಬೆಳೆದ ರೈತರು ಇದೇ ಅನುಕೂಲವನ್ನು ಬಳಸಿಕೊಂಡಿದ್ದಾರೆ.

ಬೇಗ ಹಣ್ಣು ಪಡೆಯಬೇಕಾದರೆ ಹಣವನ್ನು ಮನೆಗಿಂತ ಮೊದಲು ಸಸಿಗೆ ಹಾಕಬೇಕು. ಜಪಾನಿನ ತೋಚಿಗಿ ಪ್ರಾಂತದ ರೈತರು ಬೇಸಗೆಯಲ್ಲಿ ಸಸಿಗಳನ್ನು ಸುಮಾರು 1400 ಮೀಟರ್ ಎತ್ತರದ ಬೆಟ್ಟದ ಬಯಲಿಗೆ ಸಾಗಿಸಿ, ಅಲ್ಲಿನ ತಂಪಿನಲ್ಲಿ ಮೊಗ್ಗು ಕಟ್ಟಿಸಿ, ಮತ್ತೆ ಕೆಳಗಿನ ಊರುಗಳಿಗೆ ತಂದು ನೆಡುತ್ತಿದ್ದರು. ಸಸಿಗೆ ತಂಪು ಉಣಿಸಿ ತರುವ ಈ ಉಪಾಯ ಬೆಟ್ಟದ ಸೀಮೆಗೆ ಹತ್ತಿರವಿರುವ ರೈತರು ಯೋಚಿಸಬಹುದಾದದ್ದು.

ಈ ಬೆಳೆಗೆ ಕೈಹಾಕುವ ರೈತರು ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಸಸಿ ಎಲ್ಲಿ ಬೆಳೆದದ್ದು, ಯಾವ ತಳಿ, ಯಾವ ತಿಂಗಳು ಕಿತ್ತದ್ದು ಎಂದು ಕೇಳಿ ತಿಳಿದ ಮೇಲೆಯೇ ಕೊಳ್ಳಬೇಕು. ಬುಡ ದಪ್ಪವಾಗಿಯೂ ಬೇರು ಬೆಳ್ಳಗೆ ತುಂಬಿಕೊಂಡೂ ಇರಬೇಕು.

2. ರಾತ್ರಿಯ ತಂಪು ಆರಂಭವಾಗುವ ಮುನ್ನ ಗಿಡ ಬೇರೂರುವಂತೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ನಾಟಿ ಮುಗಿಸಬೇಕು.

3. ನಾಟಿ ಮಾಡುವಾಗ ಬುಡ ನೆಲಮಟ್ಟಕ್ಕೆ ಸಮನಾಗಿರಬೇಕು. ಆಳವಾದರೆ ಕೊಳೆಯುತ್ತದೆ, ಮೇಲಾದರೆ ಒಣಗುತ್ತದೆ.

4. ಬಾವಿ ಅಥವಾ ಕೊಳವೆಬಾವಿಯ ನೀರಿನ ಉಪ್ಪಿನಂಶವನ್ನು ಮೊದಲೇ ಪರೀಕ್ಷಿಸಬೇಕು. ಉಪ್ಪುನೀರಿಗೆ ಸ್ಟ್ರಾಬೆರಿ ಒಗ್ಗದು.

5. ಪಾಲಿಹೌಸ್ ಈಗಾಗಲೇ ಇದ್ದರೆ ಪಕ್ಕದ ಪರದೆಗಳನ್ನು ಎತ್ತಿ ಗಾಳಿ ಆಡಿಸಬೇಕು. ಸ್ಟ್ರಾಬೆರಿಗಾಗಿಯೇ ಹೊಸದಾಗಿ ಕಟ್ಟುವ ಮುನ್ನ ಒಂದು ಚಳಿಗಾಲ ನೂರು ಸಸಿಗಳನ್ನು ಬಯಲಿನಲ್ಲಿ ನೆಟ್ಟು, ಹೂ ಮತ್ತು ಹಣ್ಣು ಬಂದ ದಿನಗಳನ್ನು, ಆ ದಿನಗಳ ಉಷ್ಣತೆಯನ್ನು ಬರೆದಿಡಬೇಕು.

6. ಹಣ್ಣು ಸಾಧಾರಣ ಹವೆಯಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಕೊಳ್ಳುವವರನ್ನು ಗೊತ್ತುಮಾಡಿಕೊಂಡ ಮೇಲೆಯೇ ವಿಸ್ತೀರ್ಣ ಹೆಚ್ಚಿಸಬೇಕು.

ಯೂರೋಪಿನ ಬೆಳೆಗಾರರು ಎರಡು ಶತಮಾನಗಳ ಅನುಭವದಿಂದ ಕಲಿತದ್ದು ಗಿಡದ ವರ್ಷವನ್ನು ಓದುವ ವಿದ್ಯೆಯನ್ನು. ಗಾಜು, ದೀಪ, ಬಾಯ್ಲರುಗಳು ಅವರ ಹವೆಗೆ ತಕ್ಕ ಸಲಕರಣೆಗಳು. ಆ ಸಲಕರಣೆಗಳನ್ನು ಇಲ್ಲಿಗೆ ತಂದರೆ ಪ್ರಯೋಜನ ಅಲ್ಪ. ಆ ವಿದ್ಯೆಯನ್ನು ಕಲಿತು, ತಮ್ಮ ಹೊಲದ ತಂಪಿನ ತಿಂಗಳುಗಳಿಗೆ ಸಸಿಯ ವರ್ಷವನ್ನು ಹೊಂದಿಸಿಕೊಂಡ ರೈತರಿಗೆ ಕಡಿಮೆ ಖರ್ಚಿನಲ್ಲೇ ಫಲ ದೊರೆಯುತ್ತದೆ.